ಚಿತ್ರದ ವಹಿ ಮುಚ್ಚಿಡಬೇಡಿ

ನಮ್ಮ ಕಡೆಯ ಕನ್ನಡ ಶಾಲೆಗಳಲ್ಲಿ ಚಿತ್ರ ತೆಗೆಯುವ ಮಕ್ಕಳಿಗೆ ಬರವಿಲ್ಲ. ತೆಗೆದ ಚಿತ್ರವನ್ನು ನಾಲ್ಕು ಮಂದಿಗೆ ತೋರಿಸುವ ಮಕ್ಕಳಿಗೆ ಮಾತ್ರ ಬರ! ಯಾವ ತರಗತಿಗಾದರೂ ಹೋಗಿ, ಗಣಿತದ ವಹಿಯ ಕೊನೆಯ ಹಾಳೆ ತಿರುವಿ ನೋಡಿ. ಎತ್ತು, ಬಂಡಿ, ನವಿಲು, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಮುಖ, ರಂಗೋಲಿಯ ಚುಕ್ಕಿ ಎಲ್ಲಾ ಅಲ್ಲೇ ಅಡಗಿ ಕುಳಿತಿರುತ್ತವೆ. ನೋಡಲು ಕೈ ಚಾಚಿದರೆ ಸಾಕು, "ಬ್ಯಾಡ್ರಿ ಸರ, ಅದು ಚಲೋ ಬಂದಿಲ್ರಿ" ಎಂದು ವಹಿ ಮುಚ್ಚಿ ಎದೆಗೆ ಅವುಚಿಕೊಳ್ಳುತ್ತಾರೆ.

ಯಾಕೆ ಹೀಗೆ? ಗೆಳೆಯರು ನಗುತ್ತಾರೆಂಬ ನಾಚಿಕೆ ಒಂದು. ಬೇರೆಯವರು ನೋಡಿ ತೆಗೆದುಬಿಡುತ್ತಾರೆಂಬ ಹೆದರಿಕೆ ಇನ್ನೊಂದು. ಮೂರನೆಯದು ಮನೆಯಲ್ಲಿ ಕೇಳುವ ಮಾತು: "ಚಿತ್ರಾ ತಗದ್ರ ಹೊಟ್ಟಿ ತುಂಬತದೇನು?" ಈ ಮೂರನ್ನೂ ಎದುರಿಟ್ಟುಕೊಂಡು ನನ್ನ ಅಭಿಪ್ರಾಯ ಹೇಳುತ್ತೇನೆ. ಮಕ್ಕಳ ಚಿತ್ರದ ವಹಿ ಹಂಚಿಕೊಳ್ಳುವ ವಸ್ತು ಆಗಬೇಕು. ಆ ವಹಿಯ ಗೆರೆಗಳನ್ನು ಕಂಪ್ಯೂಟರಿಗೆ ಏರಿಸಿ ನಕ್ಷೆ ಮಾಡುವುದನ್ನು ಅದೇ ಮಕ್ಕಳು ಕಲಿಯಬೇಕು. ಬೇರೆ ಊರಿಗಿಂತ ಒಂದು ಕೈ ಹೆಚ್ಚಾಗಿ ನಮ್ಮ ಸೋಲಾಪುರ ಸೀಮೆಯ ಮಕ್ಕಳು ಕಲಿಯಬೇಕು. ಕಾರಣ ಹೇಳುತ್ತೇನೆ, ಕೇಳಿ.

ಸೋಲಾಪುರ ಎಂದ ಕೂಡಲೇ ಜನರಿಗೆ ನೆನಪಾಗುವುದು ಚಾದರ ಮತ್ತು ಟವೆಲ್. ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಈ ಶಹರದಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಮಗ್ಗದ ಸಪ್ಪಳದ ನಡುವೆಯೇ ಬೆಳೆದ ಮಾತುಗಳು. ಚಾದರದ ಮೇಲಿನ ಹೂವು, ನವಿಲು, ಚೌಕಡಿ ಹೇಗೆ ಮೂಡುತ್ತವೆ ಗೊತ್ತೇ? ಮೊದಲು ಒಬ್ಬರು ಕೈಯಿಂದ ಚಿತ್ರ ತೆಗೆಯುತ್ತಾರೆ. ಅದನ್ನು ಚೌಕುಳಿ ಹಾಳೆಗೆ, ಅಂದರೆ ಗ್ರಾಫಿಗೆ, ಒಂದೊಂದೇ ಮನೆ ತುಂಬಿಸಿ ಇಳಿಸುತ್ತಾರೆ. ಗ್ರಾಫಿನ ಒಂದು ಸಾಲು ಅಂದರೆ ಬಟ್ಟೆಯ ಒಂದು ಹೊಕ್ಕು. ಆ ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು. ಕಾರ್ಡಿನಲ್ಲಿ ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ತೂತು ಇಲ್ಲದಲ್ಲಿ ಏಳುವುದಿಲ್ಲ. ಮಗ್ಗದ ತಲೆಯ ಮೇಲೆ ಕಾರ್ಡುಗಳ ಸರ ತಿರುಗಿದ ಹಾಗೆ ಕೆಳಗೆ ನವಿಲು ಗರಿ ಬಿಚ್ಚುತ್ತದೆ!

ಇದು ಜಕಾರ್ಡ್ ಮಗ್ಗ. ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ್ದು. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇದೇ ತೂತಿನ ಕಾರ್ಡುಗಳನ್ನು ಬಳಸಬೇಕೆಂದು ಯೋಜಿಸಿದ. ಅವನ ಬಳಿ ಜಕಾರ್ಡನದೇ ಒಂದು ಭಾವಚಿತ್ರ ಇತ್ತು. ರೇಷ್ಮೆಯಲ್ಲಿ ನೇಯ್ದದ್ದು, ಸುಮಾರು 24,000 ಕಾರ್ಡುಗಳಿಂದ ಮೂಡಿದ್ದು. ಅಂದರೆ ಕಂಪ್ಯೂಟರಿನ ವಂಶಾವಳಿ ಬಿಡಿಸುತ್ತಾ ಹೋದರೆ ಒಂದು ಬೇರು ಮಗ್ಗದ ಮನೆಯಲ್ಲೇ ಸಿಗುತ್ತದೆ. ತೂತು ಇದೆ, ತೂತು ಇಲ್ಲ. ಒಂದು, ಸೊನ್ನೆ. ನಮ್ಮ ಎಷ್ಟೋ ಮಕ್ಕಳ ಅಪ್ಪ ಅಜ್ಜಂದಿರು ಈ ಲೆಕ್ಕದ ಮುಂದೆ ನಿಂತೇ ದುಡಿದವರು. ಅಂಥ ಮನೆಯ ಹುಡುಗನಿಗೆ ಡಿಜಿಟಲ್ ಚಿತ್ರ ಎಂದರೆ ಮುಂಬಯಿ, ಪುಣೆಯವರ ಕೆಲಸ ಎಂಬ ಭಾವನೆ ಯಾಕಿರಬೇಕು?

ಇನ್ನು ಹೆಣ್ಣುಮಕ್ಕಳ ಕೈಯ ಕಡೆ ಬನ್ನಿ. ಧಾರವಾಡ ಸೀಮೆಯಿಂದ ನಮ್ಮ ಗಡಿಯ ತನಕ ಹಬ್ಬಿದ ಕಸೂತಿ ನೋಡಿ. ಗೋಪುರ, ತೇರು, ಆನೆ, ತುಳಸಿ ವೃಂದಾವನ, ಎಲ್ಲಾ ಎಳೆ ಎಣಿಸಿಯೇ ಹಾಕುವುದು. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗಾವಂತಿಯಲ್ಲಿ ದಾರ ಒಂದು ಸಲ ಹೋಗಿ ಬಿಟ್ಟ ಜಾಗ ತುಂಬುತ್ತಾ ಮರಳಿ ಬರುತ್ತದೆ, ಬಟ್ಟೆಯ ಎರಡೂ ಮಗ್ಗಲು ಒಂದೇ ಥರ ಕಾಣುತ್ತದೆ. ಮುರ್ಗಿಯೂ ಅಷ್ಟೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ದಾರ ಎಲ್ಲಿ ಹೊರಟು ಎಲ್ಲಿ ಮರಳಬೇಕು ಎಂಬ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳುವ ಅಜ್ಜಿಗೆ ಪಿಕ್ಸೆಲ್ ಎಂದರೇನು ಎಂದು ಹೊಸದಾಗಿ ಹೇಳಿಕೊಡಬೇಕಿಲ್ಲ. ಆ ಹೆಸರು ಮಾತ್ರ ಆಕೆಗೆ ಗೊತ್ತಿಲ್ಲ, ಅಷ್ಟೇ.

ರಂಗೋಲಿಯೂ ಹಾಗೇ. ಏಳು ಚುಕ್ಕಿಯಿಂದ ಶುರುಮಾಡಿ ಮಧ್ಯಚುಕ್ಕಿ ಇಡುತ್ತಾ ನಾಲ್ಕಕ್ಕೆ ಇಳಿಸಿದರೆ ಆರು ಮೂಲೆಯ ವಿನ್ಯಾಸ ಬರುತ್ತದೆ. ನೇರ ಚುಕ್ಕಿ ಇಟ್ಟರೆ ಚೌಕದ ವಿನ್ಯಾಸ. ಇದು ಜ್ಯಾಮಿತಿಯ ಪಾಠ! ಸಂಕ್ರಾಂತಿಗೆ ಸೋಲಾಪುರದ ಗಡ್ಡೆಯ ಜಾತ್ರೆಯಲ್ಲಿ ಸಿದ್ಧರಾಮನ ನಂದಿಧ್ವಜಗಳು 68 ಲಿಂಗಗಳ ಪ್ರದಕ್ಷಿಣೆಗೆ ಹೊರಟಾಗ ಮೆರವಣಿಗೆಯ ದಾರಿಗೆ ಹಾಸಿದ ರಂಗೋಲಿ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. 12ನೇ ಶತಮಾನದಲ್ಲಿ ಕನ್ನಡದಲ್ಲಿ ವಚನ ಬರೆದ ಸೊನ್ನಲಿಗೆಯ ಸಿದ್ಧರಾಮನ ಊರಿದು. ಇಲ್ಲಿ ಚಿತ್ರವೂ ಮಾತೂ ಹಾಸುಹೊಕ್ಕಾಗಿಯೇ ಬಂದಿವೆ.

ಈಗ ಮುಖ್ಯ ವಿಷಯ. ಕಸೂತಿ, ರಂಗೋಲಿ ಇಷ್ಟು ಕಾಲ ಉಳಿದದ್ದು ಹೇಗೆ? ಹಂಚಿಕೊಂಡಿದ್ದರಿಂದ. ಓಣಿಯಲ್ಲಿ ಒಬ್ಬಾಕೆಯ ಸೆರಗಿನ ಮೇಲಿನ ತೇರನ್ನು ಇನ್ನೊಬ್ಬಾಕೆ ಎಣಿಸಿಕೊಂಡು ಹೋದಳು, ತನ್ನ ಕುಪ್ಪಸದ ಕಣಕ್ಕೆ ಹಾಕಿದಳು, ಹಾಕುವಾಗ ಒಂದು ಗಿಳಿ ಸೇರಿಸಿದಳು. ಮದುವೆಯಾಗಿ ಬೇರೆ ಊರಿಗೆ ಹೋದವಳು ರಂಗೋಲಿ ವಹಿಯನ್ನೂ ಸಂಗಡ ಒಯ್ದಳು. "ನನ್ನದು, ಯಾರಿಗೂ ತೋರಿಸುವುದಿಲ್ಲ" ಎಂದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ನಮೂನೆ ಎಷ್ಟು ಚಂದ ಇದ್ದರೂ ಆ ಪೆಟ್ಟಿಗೆಯ ಜೊತೆಗೇ ಹೋಯಿತು. ಮುಚ್ಚಿಟ್ಟ ವಹಿಯ ಪಾಡು ಅದೇ.

ನಮ್ಮ ಮಹಾರಾಷ್ಟ್ರದ ಶಾಲೆಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಚಿತ್ರಕಲಾ ಪರೀಕ್ಷೆಗಳು. ಅವುಗಳಲ್ಲಿ ಎದುರಿಗಿಟ್ಟ ವಸ್ತು ನೋಡಿ ತೆಗೆಯುವ ಪತ್ರಿಕೆ ಇದೆ, ನೆನಪಿನಿಂದ ತೆಗೆಯುವ ಪತ್ರಿಕೆ ಇದೆ, ನಕ್ಷೆಗೇ ಒಂದು ಪತ್ರಿಕೆ ಇದೆ. ಗಡಿಯಾಚೆಯ ನೆಂಟರು ಕೇಳಿ ಆಶ್ಚರ್ಯಪಡುವಂಥ ವ್ಯವಸ್ಥೆ ಇದು. ಆದರೆ ಆಗುತ್ತಿರುವುದೇನು? ಹತ್ತನೆಯ ತರಗತಿಗೆ ಸಿಗುವ ಹೆಚ್ಚುವರಿ ಅಂಕದ ಲೆಕ್ಕದಲ್ಲಿ ಎಲ್ಲಾ ಮುಗಿದುಹೋಗುತ್ತದೆ. ಪರೀಕ್ಷೆಗೆಂದು ಹತ್ತು ಸಲ ತೆಗೆದ ಹೂಬಳ್ಳಿ ಪ್ರಮಾಣಪತ್ರ ಬಂದ ಮರುದಿನವೇ ರದ್ದಿಗೆ ಹೋಗುತ್ತದೆ. ಅದೇ ಹುಡುಗಿ ತಂಗಿಯ ಹುಟ್ಟುಹಬ್ಬದ ಕಾರ್ಡಿಗೆ ಯಾರದೋ ಹೂವನ್ನು ಮೊಬೈಲಿನಿಂದ ಇಳಿಸಿಕೊಳ್ಳುತ್ತಾಳೆ. ತನ್ನ ಕೈಯ ಹೂವು ಅಟ್ಟದ ಮೇಲೆ, ಊರ ಮಂದಿಯ ಹೂವು ಅಂಗೈಯಲ್ಲಿ! ನನಗೆ ಸಂಕಟ ಆಗುವುದು ಇದಕ್ಕೇ.

ಹಾಗಾದರೆ ವಹಿಯಿಂದ ಕಂಪ್ಯೂಟರಿಗೆ ಹೋಗುವ ದಾರಿ ಎಷ್ಟು ದೂರ? ಬಹಳ ಇಲ್ಲ. ಮೊದಲ ಪಾಠಕ್ಕೆ ವಿದ್ಯುತ್ತೂ ಬೇಡ. ಒಂದು ಚೌಕ ಹಾಳೆ ತೆಗೆದುಕೊಳ್ಳಿ. ನಡುವೆ ಒಂದು ಹೂವು ತೆಗೆಯಿರಿ, ಅಂಚಿಗೆ ತಾಗಬಾರದು. ಹಾಳೆಯನ್ನು ಉದ್ದಕ್ಕೆ ಸರಿಯಾಗಿ ಎರಡು ತುಂಡು ಮಾಡಿ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಹಿಂದೆ ಟೇಪು ಹಚ್ಚಿ. ಈಗ ಅಡ್ಡಕ್ಕೆ ಕತ್ತರಿಸಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಇಟ್ಟು ಮತ್ತೆ ಹಚ್ಚಿ. ಹೂವು ನಾಲ್ಕು ಮೂಲೆಗೆ ಹೋಯಿತು, ನಡುವೆ ಜಾಗ ಖಾಲಿಯಾಯಿತು. ಆ ಖಾಲಿ ಜಾಗದಲ್ಲಿ ಎಲೆ ಬಳ್ಳಿ ತುಂಬಿಸಿ. ಈ ಹಾಳೆಯ ಜೆರಾಕ್ಸ್ ಹತ್ತು ಪ್ರತಿ ತೆಗೆದು ಪಕ್ಕ ಪಕ್ಕ ಇಡಿ. ಎಲ್ಲಿ ಕೂಡಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ!

ಗಿಂಪ್ ಎಂಬ ತಂತ್ರಾಂಶದಲ್ಲಿ ಆಫ್‌ಸೆಟ್ ಎಂದು ಒಂದು ಆಯ್ಕೆ ಇದೆ. ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಸರಿಸು ಎಂದರೆ ಕತ್ತರಿಯಿಂದ ಮಾಡಿದ್ದನ್ನೇ ಅದು ಕ್ಷಣದಲ್ಲಿ ಮಾಡುತ್ತದೆ. ಕ್ರೀಟಾ ಎಂಬ ಇನ್ನೊಂದು ತಂತ್ರಾಂಶದಲ್ಲಿ ಡಬ್ಲ್ಯೂ ಕೀಲಿ ಒತ್ತಿದರೆ ಚಿತ್ರ ಎಲ್ಲಾ ಕಡೆ ಹರಡಿಕೊಂಡು ಕಾಣುತ್ತದೆ. ಒಂದು ಕಡೆ ಗೆರೆ ಎಳೆದರೆ ಎಲ್ಲಾ ಕಡೆ ಮೂಡುತ್ತದೆ. ಕತ್ತರಿಯಿಂದ ಮೊದಲು ಮಾಡಿದ ಮಗುವಿಗೆ ಇದು ಮಾಟದ ಥರ ಕಾಣದೆ ಅರ್ಥವಾಗುತ್ತದೆ. ಅದಕ್ಕೇ ಕಾಗದ ಮೊದಲು, ಪರದೆ ಆಮೇಲೆ ಎಂದು ನಾನು ಹೇಳುವುದು.

ವಹಿಯ ಚಿತ್ರವನ್ನು ಒಳಗೆ ತರಲು ಸ್ಕ್ಯಾನರ್ ಬೇಕೇ ಬೇಕು ಎಂದೇನಿಲ್ಲ. ಮನೆಯಲ್ಲಿರುವ ಮೊಬೈಲ್ ಸಾಕು. ಪೆನ್ಸಿಲ್ ಗೆರೆಯ ಮೇಲೆ ಕಪ್ಪು ಪೆನ್ನು ಎಳೆಯಿರಿ. ಪಡಸಾಲೆಯ ನೆರಳಿನಲ್ಲಿ, ಹಗಲು ಬೆಳಕಿನಲ್ಲಿ, ನೆತ್ತಿಯ ಮೇಲಿಂದ ನೇರವಾಗಿ ಫೋಟೋ ತೆಗೆಯಿರಿ. ಓರೆಯಾಗಿ ತೆಗೆದರೆ ಚೌಕ ಸೊಟ್ಟಗಾಗುತ್ತದೆ, ಚೌಕ ಸೊಟ್ಟಾದರೆ ನಕ್ಷೆ ಕೂಡುವುದಿಲ್ಲ. ಅಳತೆಯ ಲೆಕ್ಕವೂ ಸರಳ. ಒಳ್ಳೆಯ ಮುದ್ರಣಕ್ಕೆ ಒಂದು ಇಂಚಿಗೆ 300 ಚುಕ್ಕಿ ಹಿಡಿಯುತ್ತಾರೆ. 10 ಸೆಂಟಿಮೀಟರ್ ತುಂಡಿಗೆ 1,181 ಪಿಕ್ಸೆಲ್ ಆಯಿತು. ಉದ್ದಕ್ಕೆ 4,000 ಪಿಕ್ಸೆಲ್ ಬರುವ ಸಾಧಾರಣ ಮೊಬೈಲ್ ಫೋಟೋ ಸುಮಾರು 34 ಸೆಂಟಿಮೀಟರಿಗೆ ಸಾಕಾಗುತ್ತದೆ. ಎಂಟನೆಯ ತರಗತಿಯ ಮಗು ಮಾಡಬಹುದಾದ ತ್ರೈರಾಶಿಕ!

ಆಮೇಲೆ ಇಂಕ್‌ಸ್ಕೇಪ್. 2003ರಲ್ಲಿ ಶುರುವಾದ ಉಚಿತ ತಂತ್ರಾಂಶ. ಫೋಟೋದ ಕಪ್ಪು ಗೆರೆಯನ್ನು ಹಿಡಿದು ಅದನ್ನು ವೆಕ್ಟರ್ ಚಿತ್ರ ಮಾಡಿಕೊಡುತ್ತದೆ. ಫೋಟೋ ಎಂದರೆ ಚುಕ್ಕಿಗಳ ಗುಂಪು, ಹಿಗ್ಗಿಸಿದರೆ ಒಡೆಯುತ್ತದೆ. ವೆಕ್ಟರ್ ಎಂದರೆ ಗೆರೆಯ ಲೆಕ್ಕ. ಅಂಚೆಚೀಟಿಯಷ್ಟಕ್ಕೂ ಸರಿ, ಚಾದರದಷ್ಟಕ್ಕೂ ಸರಿ. ಅದರಲ್ಲಿ ಒಂದು ತುಂಡನ್ನು ಸಾಲುಗಟ್ಟಿಸುವ ಟೈಲ್ಡ್ ಕ್ಲೋನ್ಸ್ ಎಂಬ ಸೌಲಭ್ಯ ಇದೆ. ತೆರೆದು ನೋಡಿದರೆ 17 ಬಗೆಯ ಜೋಡಣೆ ಕೊಟ್ಟಿದ್ದಾರೆ. ಬರೀ 17 ಯಾಕೆ? ಒಂದು ನಮೂನೆಯನ್ನು ಸರಿಸಿ, ತಿರುಗಿಸಿ, ಕನ್ನಡಿಯಲ್ಲಿ ತೋರಿಸಿ ಸಮತಲದ ತುಂಬಾ ಹರಡುವ ಬಗೆಗಳು ಒಟ್ಟು 17 ಮಾತ್ರ ಎಂದು ರಷ್ಯಾದ ಫೆಡೊರೊವ್ 1891ರಲ್ಲಿ ಸಾಧಿಸಿ ತೋರಿಸಿದ. ಚಾದರ, ಸೀರೆ, ಗೋಡೆಯ ಹಂಚು, ನೆಲದ ಕಲ್ಲು, ಎಲ್ಲಿ ನಮೂನೆ ಹೀಗೆ ಎಲ್ಲಾ ಕಡೆ ಮರುಕಳಿಸುತ್ತದೋ ಅಲ್ಲಿ ಈ ಹದಿನೇಳರಲ್ಲಿ ಒಂದು ಇದ್ದೇ ಇರುತ್ತದೆ. ಮನೆಯ ಚಾದರ ತಂದು ಯಾವ ಬಗೆ ಎಂದು ಹುಡುಕಲು ಹೇಳಿ ನೋಡಿ, ಗಣಿತಕ್ಕೆ ಹೆದರುವ ಹುಡುಗನೂ ಕಣ್ಣರಳಿಸುತ್ತಾನೆ.

ಈ ಮೂರೂ ತಂತ್ರಾಂಶಗಳಿಗೆ ಒಂದು ಪೈಸೆ ಖರ್ಚಿಲ್ಲ. ದುಬಾರಿ ಪೆನ್ನು, ಟ್ಯಾಬ್ಲೆಟ್ ಇಲ್ಲದೆ ಬರೀ ಮೌಸಿನಿಂದಲೇ ನಕ್ಷೆಯ ಕೆಲಸ ಕಲಿಯಬಹುದು. ಇಂಕ್‌ಸ್ಕೇಪಿನಲ್ಲಿ ಚೌಕುಳಿ ಹಾಕಿಕೊಂಡು, ಗೆರೆ ಚೌಕುಳಿಗೆ ಅಂಟುವಂತೆ ಮಾಡಿ, ಒಂದೊಂದು ಹೊಲಿಗೆಗೆ ಒಂದೊಂದು ಗೆರೆ ಎಳೆದರೆ ಕಸೂತಿಯ ಗೋಪುರ ಹಾಗೆಯೇ ಕೂಡುತ್ತದೆ. ಮೊದಲ ತಿಂಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

"ಸರಿ ಸರ, ಎಲ್ಲರಿಗೂ ತೋರಿಸಿದರೆ ಕದಿಯುವುದಿಲ್ಲವೇ?" ಪಾಲಕರು ಕೇಳುವ ಪ್ರಶ್ನೆ ಇದು, ಮತ್ತು ಸರಿಯಾದ ಪ್ರಶ್ನೆ. ಕದಿಯುವವರು ಇದ್ದಾರೆ. ಅದಕ್ಕೆ ಕಾನೂನು ಏನು ಹೇಳುತ್ತದೆ ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರ ತೆಗೆದ ಕ್ಷಣದಿಂದಲೇ ಹಕ್ಕು ತೆಗೆದವರದು. ನೋಂದಣಿ ಕಡ್ಡಾಯ ಅಲ್ಲ. ಜೀವಿತಕಾಲ ಮತ್ತು ಆನಂತರ 60 ವರ್ಷ ಆ ಹಕ್ಕು ಇರುತ್ತದೆ. ಮಗು ತೆಗೆದದ್ದಾದರೂ ಸರಿ. ಆದರೆ ಬಟ್ಟೆಯ ನಕ್ಷೆಯ ವಿಷಯದಲ್ಲಿ ಒಂದು ತೊಡಕಿದೆ. ವಿನ್ಯಾಸ ಕಾಯಿದೆಯಡಿ ನೋಂದಾಯಿಸಬಹುದಾದ ನಕ್ಷೆಯನ್ನು ನೋಂದಾಯಿಸದೆ, ಹಕ್ಕುದಾರರೇ ಅಥವಾ ಅವರ ಒಪ್ಪಿಗೆ ಪಡೆದವರು ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಕೃತಿಸ್ವಾಮ್ಯ ಹೋಗುತ್ತದೆ. ನೋಂದಾಯಿಸಬೇಕೆಂದರೆ ಮೊದಲು ಎಲ್ಲೂ ಪ್ರಕಟ ಆಗಿರಬಾರದು. 2000ದ ವಿನ್ಯಾಸ ಕಾಯಿದೆ ಮೊದಲಿಗೆ 10 ವರ್ಷ, ಮುಂದುವರಿಸಿದರೆ ಇನ್ನೂ 5 ವರ್ಷ ರಕ್ಷಣೆ ಕೊಡುತ್ತದೆ.

ಹಾಗಾಗಿ ನನ್ನ ಸೂತ್ರ ಸರಳ. ಮಾರಬೇಕೆಂದು ಮಾಡಿದ ನಕ್ಷೆಯನ್ನು ವ್ಯವಹಾರ ಮುಗಿಯುವ ತನಕ ಒಳಗಿಡಿ. ಉಳಿದದ್ದೆಲ್ಲಾ, ಕಲಿಯಲು ತೆಗೆದದ್ದು, ಅರ್ಧ ಆದದ್ದು, ಕೆಟ್ಟದ್ದು, ತಿದ್ದಿದ್ದು, ಎಲ್ಲಾ ಹೊರಗಿರಲಿ. ನೂರು ಪುಟದಲ್ಲಿ ಮಾರುವಂಥದ್ದು ಒಂದೆರಡು ಇದ್ದೀತು. ಆ ಒಂದೆರಡರ ಹೆದರಿಕೆಗೆ ತೊಂಬತ್ತೆಂಟನ್ನು ಹೂಳುವುದು ಯಾವ ಜಾಣತನ?

ಹಂಚುವಾಗ ಒಂದು ಮರ್ಯಾದೆ ಇರಲಿ. ಚಿತ್ರದ ಕೆಳಗೆ ಮೂರು ಸಾಲು: ಯಾರು ತೆಗೆದದ್ದು, ಯಾವ ದಿನ, ಏನನ್ನು ಅಥವಾ ಯಾರದನ್ನು ನೋಡಿ. ಮೂರನೆಯ ಸಾಲು ಬಹಳ ಮುಖ್ಯ. "ಅಜ್ಜಿಯ ಕುಪ್ಪಸದ ಕಣ ನೋಡಿ", "ಗೆಳತಿಯ ರಂಗೋಲಿ ನೋಡಿ, ಎಲೆ ನನ್ನದು" ಎಂದು ಬರೆಯಲು ಕಲಿತ ಮಗು ಕಳ್ಳತನ ಮಾಡುವುದಿಲ್ಲ. ನೋಡಿ ತೆಗೆಯುವುದು ಕಲಿಕೆ, ನೋಡಿದ್ದನ್ನು ಹೇಳದೆ ಇರುವುದು ಕಳ್ಳತನ. ಹೊರಗಿನ ಲೋಕಕ್ಕೆ ಕಳಿಸುವಾಗ ಇನ್ನೊಂದು ಎಚ್ಚರ: ಮಗುವಿನ ಫೋಟೋ, ಪೂರ್ತಿ ಹೆಸರು, ವಿಳಾಸ ಬೇಡ. ಮೊದಲ ಹೆಸರು ಮತ್ತು ತರಗತಿ ಸಾಕು, ಅದಕ್ಕೂ ಪಾಲಕರ ಒಪ್ಪಿಗೆ ಬೇಕು.

ಇನ್ನೊಂದು ವಾದ ಇತ್ತೀಚೆಗೆ ಕೇಳಿಬರುತ್ತಿದೆ. 2022ರಿಂದೀಚೆಗೆ ಒಂದು ಸಾಲು ಬರೆದರೆ ಚಿತ್ರ ಮಾಡಿಕೊಡುವ ಕೃತಕ ಬುದ್ಧಿಯ ತಂತ್ರಾಂಶಗಳು ಎಲ್ಲರ ಕೈಗೆ ಸಿಕ್ಕಿವೆ. "ಇನ್ನು ಚಿತ್ರ ಕಲಿತು ಏನು ಮಾಡುವುದು?" ಎನ್ನುತ್ತಾರೆ. ನಾನು ತಿರುಗಿ ಕೇಳುತ್ತೇನೆ: ಯಂತ್ರ ಕೊಟ್ಟ ನವಿಲಿನ ನಕ್ಷೆ ಅಂಚಿನಲ್ಲಿ ಕೂಡದಿದ್ದರೆ ಕಂಡುಹಿಡಿಯುವವರು ಯಾರು? ಅದನ್ನು ಮಗ್ಗದ ಎಳೆಯ ಲೆಕ್ಕಕ್ಕೆ ಇಳಿಸುವವರು ಯಾರು? ಗಾವಂತಿ ಎಂದು ಅದು ಹಾಕಿದ ಹೊಲಿಗೆ ಹಿಂದಿನಿಂದಲೂ ಹಾಗೇ ಬಂದೀತೇ ಎಂದು ಪರೀಕ್ಷಿಸುವವರು ಯಾರು? ಎಳೆ ಎಣಿಸಿದ ಕೈಯೇ ಬೇಕು. ಅಲ್ಲದೆ, ಇದು ನಾನೇ ಮಾಡಿದ್ದು ಎಂದು ನಾಳೆ ಸಾಧಿಸಬೇಕಾಗಿ ಬಂದರೆ, ದಿನಾಂಕ ಹಾಕಿದ ಹರಕು ವಹಿಗಿಂತ ದೊಡ್ಡ ಸಾಕ್ಷಿ ಇಲ್ಲ.

ಹೊಟ್ಟೆ ತುಂಬುವ ಪ್ರಶ್ನೆಗೂ ಉತ್ತರ ಹೇಳಬೇಕಲ್ಲ. ಚಿತ್ರ ಕಲಿತವರೆಲ್ಲಾ ಸಾಹುಕಾರರಾಗುತ್ತಾರೆ ಎಂದು ನಾನು ಹೇಳಲಾರೆ. ಆದರೆ ಮಗ್ಗದ ಊರಿನಲ್ಲಿ ನಕ್ಷೆ ಮಾಡುವವರು ಯಾವಾಗಲೂ ಬೇಕು. ಈಗ ತೂತಿನ ಕಾರ್ಡಿನ ಬದಲು ನೇರ ಕಂಪ್ಯೂಟರ್ ಕಡತದಿಂದ ನಡೆಯುವ ಎಲೆಕ್ಟ್ರಾನಿಕ್ ಜಕಾರ್ಡ್‌ಗಳೂ ಇವೆ. ಮಗ್ಗದ ಮುಂದೆ ಅಪ್ಪ ನಿಂತ, ಮಗಳು ಅದೇ ಮಗ್ಗಕ್ಕೆ ನಕ್ಷೆ ಬರೆಯುವಂತಾದರೆ ಅದು ಸಣ್ಣ ಏರಿಕೆ ಅಲ್ಲ.

ಕನ್ನಡದ ಮಾತು ಇಲ್ಲಿ ಎಲ್ಲಿ ಬಂತು ಎನ್ನುವಿರಾ? ಗಡಿಯ ಈಚೆ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ಪಾಲಕರು ದಿನಾ ಕೇಳುವ ಪ್ರಶ್ನೆ, "ಕನ್ನಡದಾಗ ಕಲತು ಏನ್ ಮಾಡತಾರ್ರಿ?" ಅದಕ್ಕೆ ಭಾಷಣದಲ್ಲಿ ಉತ್ತರ ಕೊಟ್ಟರೆ ಯಾರೂ ಒಪ್ಪುವುದಿಲ್ಲ. ಎಳೆ, ಅಂಚು, ಸೆರಗು, ಕಣ, ಚೌಕುಳಿ, ಮಧ್ಯಚುಕ್ಕಿ, ಹಾಸು, ಹೊಕ್ಕು ಎಂಬ ಮಾತುಗಳು ಗೊತ್ತಿರುವ ಮಗುವಿಗೆ ನಕ್ಷೆಯ ಅರ್ಧ ಪಾಠ ಮನೆಯಲ್ಲೇ ಆಗಿರುತ್ತದೆ. ಬಳಸದಿದ್ದರೆ ಆ ಮಾತುಗಳೂ ಹೋಗುತ್ತವೆ, ಅವು ಹೆಸರಿಸುವ ನಮೂನೆಗಳೂ ಹೋಗುತ್ತವೆ. ಮಗು ಮಾಡಿದ ಕಡತಕ್ಕೆ ಹೆಸರು ಕೊಡುವಾಗ "ಡಿಸೈನ್ ಒಂದು, ಎರಡು" ಎನ್ನುವ ಬದಲು "ತುಳಸಿಕಟ್ಟೆ, ಮುರ್ಗಿ ಅಂಚು" ಎಂದು ಕನ್ನಡ ಲಿಪಿಯಲ್ಲೇ ಕೊಡಲಿ. ಕಂಪ್ಯೂಟರ್ ಏನೂ ಬೇಸರ ಮಾಡಿಕೊಳ್ಳುವುದಿಲ್ಲ!

ಶಿಕ್ಷಕ ಬಂಧುಗಳಿಗೆ ಒಂದು ವಿನಂತಿ. ದೊಡ್ಡ ಯೋಜನೆ, ಅನುದಾನ ಕಾಯಬೇಡಿ. ವರಾಂಡದಲ್ಲಿ ಒಂದು ದಾರ ಕಟ್ಟಿ, ಬಟ್ಟೆ ಒಣಹಾಕುವ ಚಿಮಟಿ ಹಾಕಿ. ಶನಿವಾರಕ್ಕೊಮ್ಮೆ ಪ್ರತಿ ಮಗುವಿನ ಒಂದು ಹಾಳೆ ಅಲ್ಲಿ ತೂಗಲಿ. ಬಹುಮಾನ ಇಡಬೇಡಿ. ಬಹುಮಾನ ಇಟ್ಟರೆ ಒಬ್ಬ ಗೆಲ್ಲುತ್ತಾನೆ, ಉಳಿದವರು ಮತ್ತೆ ವಹಿ ಮುಚ್ಚುತ್ತಾರೆ. "ಚಲೋ ಅದ" ಎಂದು ದಾಟಿಹೋಗಲೂ ಬೇಡಿ. "ಈ ಬಳ್ಳಿ ಮುಂದಿನ ಚೌಕಕ್ಕೆ ಹೇಗೆ ಕೂಡುತ್ತದೆ?" ಎಂದು ಒಂದೇ ಒಂದು ಪ್ರಶ್ನೆ ಕೇಳಿ. ಪಾಲಕರಿಗೂ ಅಷ್ಟೇ ಹೇಳುವುದು: ಈ ದೀಪಾವಳಿಗೆ ಶುಭಾಶಯ ಕಳಿಸುವಾಗ ಇಳಿಸಿಕೊಂಡ ಹೂವು ಬಿಟ್ಟು ನಿಮ್ಮ ಮಗಳ ವಹಿಯ ಹೂವು ಕಳಿಸಿ. ಗೆರೆ ಸ್ವಲ್ಪ ಡೊಂಕಿದ್ದೀತು. ಇರಲಿ ಬಿಡಿ, ಅದು ನಿಮ್ಮ ಮನೆಯ ಗೆರೆ.